ಮಾವನವರ ಜೊತೆ ಕುಸ್ತಿ ಕಣಕ್ಕೆ

ಮದುವೆಯಾಗಿ ಸೋಲಾಪುರದ ಹತ್ತಿರದ ಕುಂಭಾರಿಗೆ ಬಂದ ಹೊಸತರಲ್ಲಿ ನಾನು ಕುಸ್ತಿ ನೋಡಿದ್ದು ತಲೆದಿಂಬಿನ ಮೇಲೆ. ನನ್ನ ಮಾವನವರು, ಅಂದರೆ ಗಂಡನ ತಂದೆ, ಸುತ್ತಲಿನ ಯಾವ ಊರಲ್ಲಿ ಕುಸ್ತಿ ಇದ್ದರೂ ಬಿಡುತ್ತಿರಲಿಲ್ಲ. ಬೋರಾಮಣಿಗಾದರೆ ಸೈಕಲ್ಲು, ಮಂಗಳವೇಢೆಗಾದರೆ ಎಸ್‌ಟಿ ಬಸ್ಸು. ಮರುದಿನ ಬೆಳಿಗ್ಗೆ ಚಹಾ ಕುಡಿದು, ಪಡಸಾಲೆಯಲ್ಲಿ ದಿಂಬು ಕೆಡವಿಕೊಂಡು, ಅತ್ತೆಗೂ ನನಗೂ ಇಡೀ ಕುಸ್ತಿಯನ್ನು ಮಾಡಿ ತೋರಿಸುತ್ತಿದ್ದರು. ಪಟ್ಟುಗಳ ಹೆಸರು ನಮಗೆ ಎಲ್ಲಿ ತಿಳಿಯಬೇಕು? ಅದಕ್ಕೆ ನಮ್ಮ ಭಾಷೆಯಲ್ಲೇ ಹೇಳುವರು.

"ರೊಟ್ಟಿ ತಿರುವಿ ಹಾಕ್ತೀಯಲ್ಲ, ಹಂಗ ತಿರುವಿ ಹಾಕಿದಾ ನೋಡವ್ವ!"

ಅತ್ತೆ ಸುಮ್ಮನಿರುವವರಲ್ಲ. "ದಿಂಬಿನ ಹತ್ತಿ ಹೊರಗ ಬಂತು. ನಿಮ್ಮ ಪೈಲ್ವಾನಗ ಹೇಳ್ರಿ, ಹೊಸಾದೊಂದು ಹೊಲಿಸಿ ಕೊಡ್ಲಿ."

ಆಗ ಕಣದ ಕಡೆ ಹೆಂಗಸರು ಕಾಲಿಡುವ ರೂಢಿ ಇರಲಿಲ್ಲ. ನಮ್ಮ ಪಾಲಿಗೆ ಇದ್ದದ್ದು ಮಜ್ಜಿಗೆ. ಊರ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣು ಹದವಾಗಲು ಮಜ್ಜಿಗೆ, ಅರಿಶಿನ, ನಿಂಬೆರಸ, ಎಣ್ಣೆ ಬೇಕು. ಮಜ್ಜಿಗೆಯೂ ಅರಿಶಿನವೂ ನಮ್ಮ ಮನೆಯಿಂದ ಹೋಗುತ್ತಿದ್ದವು. ಕೊಡ ಎತ್ತಿ ಕೊಡುವಾಗ ಮನಸ್ಸಿನಲ್ಲೇ ಮಾರುತಿಗೆ ಹೇಳಿಕೊಳ್ಳುತ್ತಿದ್ದೆ: ಯಾರ ಮಗನ ಎಲುಬೂ ಮುರಿಯದಿರಲಿ ತಂದೆ. ನಾನು ಹೋಗದಿದ್ದರೇನು, ನನ್ನ ಮಜ್ಜಿಗೆ ಹೋಯಿತಲ್ಲ ಎಂಬ ಸಮಾಧಾನ. ದೇವರು ಕೊಟ್ಟ ಸಣ್ಣ ಸುಖಗಳನ್ನು ಎಣಿಸುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ.

ಆಗಿನ ಅಭಿಮಾನವೇ ಬೇರೆ. ಪೈಲ್ವಾನ ಯಾರ ಮಗ, ಯಾವ ತಾಲೀಮಿನವನು, ಯಾವ ಎಮ್ಮೆಯ ಹಾಲು ಕುಡಿಯುತ್ತಾನೆ ಎನ್ನುವುದು ಮಾವನವರಿಗೆ ಬಾಯಿಪಾಠ. ಅವನ ಮುಖ ಚಿತ್ರದಲ್ಲಿ ನೋಡಿದವರು ಮಾತ್ರ ಯಾರೂ ಇಲ್ಲ. ಈಗ ನನ್ನ ಮಗಳನ್ನು ನೋಡಿ. ಸೋಲಾಪುರದ ಕಾಲೇಜಿಗೆ ಹೋಗುವವಳು, ಬಸ್ಸಿನಲ್ಲಿ ಕುಳಿತೇ ಮೊಬೈಲಿನಲ್ಲಿ ಕುಸ್ತಿ ನೋಡುತ್ತಾಳೆ. ಪೈಲ್ವಾನರ ತೂಕ, ಯಾವ ಪಟ್ಟಿನಿಂದ ಎಷ್ಟು ಸಲ ಗೆದ್ದರು, ಎಲ್ಲ ಹೇಳುತ್ತಾಳೆ. ಗೆದ್ದವನಿಗೆ ಹೃದಯದ ಚಿತ್ರ ಕಳಿಸಿ, ಕಾಣದ ಊರಿನ ಹುಡುಗಿಯರೊಡನೆ ಜಗಳವನ್ನೂ ಆಡುತ್ತಾಳೆ. ತಾಲೀಮು ಯಾವುದೆಂದು ಕೇಳಿದರೆ ಮಾತ್ರ, "ಅದ್ಯಾಕ ಬೇಕವ್ವ?" ಅನ್ನುತ್ತಾಳೆ.

ಎರಡು ವರ್ಷದ ಹಿಂದೆ ಮಾವನವರ ಕಣ್ಣಿನ ನರ ಒಣಗಿತು. ಬೆಳಕು, ನೆರಳು ಬಿಟ್ಟರೆ ಬೇರೆ ಕಾಣುವುದಿಲ್ಲ. ಡಾಕ್ಟರು ಇಷ್ಟಾದರೂ ಉಳಿಯಿತಲ್ಲ ಎಂದರು, ನಾನೂ ಹಾಗೆಯೇ ಎಂದುಕೊಂಡೆ. ಆದರೆ ಅವರು ಕುಸ್ತಿಗೆ ಹೋಗುವುದನ್ನು ಬಿಟ್ಟರು. ಮಗಳು ಒಂದು ದಿನ ಮೊಬೈಲಿನಲ್ಲಿ ನೇರ ಪ್ರಸಾರ ಹಚ್ಚಿ ಕಿವಿಯ ಬಳಿ ಹಿಡಿದಳು. ಮೈಕಿನವನು ಒಂದೇ ಸಮನೆ ಒದರುತ್ತಿದ್ದ. ಮಾವನವರು ಸ್ವಲ್ಪ ಹೊತ್ತು ಕೇಳಿ ಕೈಯಿಂದ ದೂರ ಸರಿಸಿದರು.

"ಬಂದ್ ಮಾಡವ್ವ. ಪುಢಾರಿಗಳ ಹೆಸರು ಓದಾಕತ್ತಾನ. ಯಾರ ಕಾಲು ಯಾರ ಕೈಯಾಗ ಐತಿ ಅಂತ ಹೇಳವಲ್ಲ."

ಅಂದಿನಿಂದ ಮನೆಯಲ್ಲಿ ಕುಸ್ತಿಯ ಮಾತೇ ನಿಂತಿತು. ಊಟಕ್ಕೆ ಎರಡು ರೊಟ್ಟಿ ಬದಲು ಒಂದು. ಯಾರಾದರೂ ಕೇಳಿದರೆ, "ನಂದು ಮುಗೀತು" ಅನ್ನುವರು. ಕಣ್ಣಿಗಿಂತ ಈ ಮಾತೇ ನನ್ನನ್ನು ಹೆಚ್ಚು ಹೆದರಿಸಿತು.

ಈ ವರ್ಷ ಅಕ್ಕಲಕೋಟೆಯಲ್ಲಿ ಕುಸ್ತಿ ಇಟ್ಟರು. ದೊಡ್ಡ ಸಂಘದ್ದಲ್ಲ, ಊರವರೇ ಕೂಡಿ ಮಾಡಿದ್ದು. ಕೊನೆಯ ಜೋಡಿಯಲ್ಲಿ ನಮ್ಮ ತಾಲೀಮಿನ ಹುಡುಗ, ಕುರಿ ಕಾಯುವ ಮನೆಯವನು, ಮನೆದೇವರು ಬೀರೋಬಾನ ಭಂಡಾರದ ಅರಿಶಿನ ಹಣೆಗೆ ಹಚ್ಚದೆ ಮಣ್ಣಿಗಿಳಿಯದವನು. ಅವನ ಅಜ್ಜನ ಕುಸ್ತಿಯನ್ನೂ ಮಾವನವರು ನೋಡಿದ್ದಾರೆ. ನಾನು ಧೈರ್ಯ ಮಾಡಿ, "ನಡೀರಿ ಮಾವಾರ, ಗುರುವಾರ ಹ್ಯಾಂಗೂ ನಾ ಅಕ್ಕಲಕೋಟಿಗಿ ಸ್ವಾಮಿಗಳ ದರ್ಶನಕ್ಕ ಹೋಗಾಕಿ. ನಾ ನೋಡಿ ಹೇಳ್ತೀನಿ, ನೀವು ಕೇಳ್ರಿ" ಎಂದೆ.

"ನೀ ಕಣ ನೋಡಿಯೇನವ್ವ?"

"ನೀವು ತೋರಸೀರಲ್ಲ?"

ಮಗಳು ಒಳಗಿನಿಂದ ನಕ್ಕಳು. "ಅಜ್ಜಾ, ಅವ್ವ ಹೇಳಿದ್ರ ಪೈಲ್ವಾನ ಚಿತ್ ಆದ ಮ್ಯಾಲೂ ಅವಗ ಊಟ ಆತೇನಂತ ಕೇಳ್ತಾಳ!"

ಅವರು ತುಟಿಯಂಚಿನಲ್ಲಿ ನಕ್ಕರು. ಅಷ್ಟೇ ಸಾಕೆಂದು ನಾನು ಅವರ ಟೋಪಿ ಒಗೆದು ಇಟ್ಟೆ.

ಅಕ್ಕಲಕೋಟೆಯಲ್ಲಿ ದರ್ಶನ, ಪ್ರಸಾದ ಮುಗಿಸಿ ಮಧ್ಯಾಹ್ನ ಕಣಕ್ಕೆ ಹೋದೆವು. ಹೆಂಗಸರಿಗೆಂದು ಒಂದು ಬದಿ ಕುರ್ಚಿಗಳನ್ನೇ ಹಾಕಿದ್ದರು! ಕಣ್ಣೀರು ಬರುವುದೊಂದು ಬಾಕಿ. ಆದರೆ ಮಾವನವರು ಹೆಂಗಸರ ನಡುವೆ ಕೂರಲೊಲ್ಲರು, ನಾನು ಗಂಡಸರ ನಡುವೆ ಕೂರಲೊಲ್ಲೆ. ಕೊನೆಗೆ ಎರಡರ ಗಡಿಯಲ್ಲಿ ಕಟ್ಟಿದ್ದ ಹಗ್ಗದ ಆಚೆ ಅವರು, ಈಚೆ ನಾನು ಕುಳಿತೆವು. ಅವರ ಹಳೆಯ ಜೊತೆಗಾರ ಮುದುಕರೊಬ್ಬರು ಗುರುತು ಹಿಡಿದರು.

"ಅರೇ, ಸೊಸೀನ ಕರಕೊಂಡು ಕುಸ್ತಿಗಿ ಬಂದೀಯಲ್ಲೋ!"

"ನಿನ್ನ ಸೊಸಿ ನಿನಗ ಚಹಾ ಸುದ್ಧಾ ಕೊಡಂಗಿಲ್ಲ. ಸುಮ್ಮ ಕೂಡು."

ಮೊದಲ ಕೆಲವು ಜೋಡಿಗಳಲ್ಲಿ ನಾನು ತಡವರಿಸಿದೆ. ಸುತ್ತ ಹುಡುಗರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರಿಂದ ಅರ್ಧ ಕುಸ್ತಿ ಅವರ ಮೊಬೈಲಿನಲ್ಲೇ ನೋಡಬೇಕಾಯಿತು. ಆಮೇಲೆ ಮಾತು ಸಲೀಸಾಯಿತು. "ಜ್ವಾಳದ ಕಣಕಿ ಸೂಡು ಕಟ್ಟಿದಂಗ ಕೈಕಾಲು ಕೂಡಿಸಿ ಹಿಡದಾನ್ರಿ" ಎಂದರೆ, "ಅದು ಮೋಳಿ ಡಾವ" ಎಂದು ಅವರು ಪಟ್ಟಿನ ಹೆಸರು ಹೇಳುವರು. ಮುಂದಿನ ಸಾಲಿನ ಇಬ್ಬರು ಹೆಂಗಸರು ನನ್ನ ಕಡೆ ಕಿವಿ ತಿರುಗಿಸಿದರು. ಮೈಕಿನವನಿಗಿಂತ ನಾನೇ ವಾಸಿ ಎಂದು ಅವರಿಗೆ ಅನಿಸಿರಬೇಕು.

ಕೊನೆಯ ಜೋಡಿ ಬಂತು. ಕಣದ ಅಂಚಿನಲ್ಲಿ ಹಲಗೆ ಬಾರಿಸುವವನು ಕೈ ಜೋರು ಮಾಡಿದ. ಪೈಲ್ವಾನರು ಸುತ್ತುವಾಗ ನಿಧಾನ, ಹಿಡಿದಾಗ ಜೋರು, ಒಬ್ಬ ಚಿತ್ ಆದನೆಂದರೆ ಗೆಲುವಿನ ಬಡಿತ. ಹೀಗೆ ಹಲಗೆಯೂ ಕುಸ್ತಿಯ ಬೆನ್ನು ಹತ್ತಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಆ ಕಡೆಯವನು ನಮ್ಮ ಹುಡುಗನನ್ನು ಬೋರಲು ಕೆಡವಿ ಮೇಲೇರಿ ಕುಳಿತ.

"ಮುಗೀತ್ರಿ ಮಾವಾರ. ನಮ್ಮವ ಕೆಳಗ ಬಿದ್ದಾನ. ಅಂವ ಮ್ಯಾಲ ಕುಂತಾನ."

ನನ್ನ ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು. ಪಡಸಾಲೆಯಲ್ಲಿ ಯಾವಾಗಲೂ ಮಾವನವರು ಮೇಲೆ, ದಿಂಬು ಕೆಳಗೆ. ದಿಂಬು ಒಮ್ಮೆಯೂ ಎದ್ದು ತಿರುಗಿ ಬಿದ್ದದ್ದಿಲ್ಲ. ಹಾಗಾಗಿ ಕೆಳಗೆ ಬಿದ್ದವನು ಸೋತ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಮಾವನವರು ಹಗ್ಗದ ಮೇಲಿಂದ ನನ್ನ ಕೈ ಹಿಡಿದುಕೊಂಡರು. "ಹೊಟ್ಟಿ ಮಣ್ಣಿಗೈತೋ, ಬೆನ್ನೋ?"

"ಹೊಟ್ಟಿ."

"ಕೈ ಎಲ್ಲೈತಿ? ನಮ್ಮವಂದು?"

"ಎಡಗೈ... ಅವನ ಕಾಲು ಹಿಡದೈತ್ರಿ."

"ಮತ್ತ! ಅಳಬ್ಯಾಡ, ಕುಸ್ತಿ ಈಗ ಚಾಲೂ ಆತು."

ಅವರು ಮುಖವನ್ನು ಕಣದತ್ತ ಅಲ್ಲ, ಹಲಗೆಯತ್ತ ತಿರುಗಿಸಿದ್ದರು. ಕಣ್ಣು ಮುಚ್ಚಿ, ತಲೆ ತುಸು ಬಾಗಿಸಿ ಕುಳಿತಿದ್ದರು. ನಮ್ಮ ಹುಡುಗ ಮೊಣಕಾಲ ಮೇಲೆ ಎದ್ದ. ಮೇಲಿನವನು ಜಾರಿದ. ಒಮ್ಮೆಲೇ ಇಬ್ಬರೂ ಉರುಳಿದರು, ಆ ಕಡೆಯವನು ಕೆಳಗಾದ. ನಾನು ಸೆರಗು, ಮರ್ಯಾದೆ ಎರಡನ್ನೂ ಮರೆತು ಎದ್ದು ನಿಂತು ಕೂಗಿದೆ.

"ಚಿತ್! ಮಾವಾರ, ಚಿತ್!"

"ಇಲ್ಲ, ಕೂಡು. ಒಂದು ಭುಜ ಮ್ಯಾಲೈತಿ. ಎರಡೂ ಮಣ್ಣಿಗಿ ಹತ್ತಬೇಕು."

ಬಗ್ಗಿ ನೋಡಿದೆ. ದೇವರಾಣೆ, ಒಂದು ಭುಜ ನಾಲ್ಕು ಬೆರಳು ಮೇಲಿತ್ತು. ಕಣ್ಣಿದ್ದವಳಿಗೆ ಕಾಣದ್ದು ಅವರಿಗೆ ಹೇಗೆ ತಿಳಿಯಿತೋ! ಹಲಗೆ ಇನ್ನೂ ಅದೇ ಓಟದಲ್ಲಿತ್ತು. ನಾನು ಮತ್ತೆ ಬಾಯಿ ತೆರೆಯುವುದರೊಳಗೆ ಬಡಿತ ಬದಲಾಯಿತು, ಮಾವನವರ ಟೋಪಿ ಆಕಾಶಕ್ಕೆ ಹಾರಿ ಹೆಂಗಸರ ಕುರ್ಚಿಗಳ ನಡುವೆ ಬಿತ್ತು. ಈ ಸಲ ಗೆಲುವನ್ನು ಹೇಳಿದವರು ಅವರು, ಕೇಳಿದವಳು ನಾನು. ಒಬ್ಬ ಹುಡುಗಿ ನಗುತ್ತ ಟೋಪಿ ತಂದುಕೊಟ್ಟು ಅವರ ಜೊತೆ ಸೆಲ್ಫಿ ತೆಗೆದುಕೊಂಡಳು. ಏನೆಂದು ತಿಳಿಯದೆಯೇ ಅವರು ಮೀಸೆ ತಿರುವಿ ನಿಂತರು.

ಬಸ್ಸಿನಲ್ಲಿ ಕುಂಭಾರಿ ಬರುವತನಕ ಆ ಕುಸ್ತಿಯನ್ನು ಅವರೇ ನನಗೆ ಹೇಳಿದರು. ನಾನು ನೋಡಿದ್ದಕ್ಕಿಂತ ಹೆಚ್ಚೇ ಹೇಳಿದರು. ಬದಿಯಲ್ಲಿ ಕುಳಿತ ಯಾರೋ, "ಅಜ್ಜಾರ, ಮಂಗಳವೇಢೇದಾಗೂ ಕುಸ್ತಿ ಐತಂತ, ಬರೋ ಗುರುವಾರ" ಎಂದರು. ಮಾವನವರು ಕೂಡಲೇ ನನ್ನ ಕಡೆ ತಿರುಗಿದರು.

"ಬರ್ತೀಯೇನವ್ವ?"

"ಅವತ್ತ ಸಂಕಷ್ಟಿ ಉಪವಾಸ ಐತ್ರಿ. ಚಂದ್ರ ಮೂಡೂದ್ರಾಗ ಮನಿಗಿ ಬರೂದಾದ್ರ ಬರ್ತೀನಿ."

"ಕಡೀ ಜೋಡಿ ಬಿಟ್ಟು ಬಾ ಅಂತೀಯೇನು? ಚಂದ್ರ ಮಂಗಳವೇಢೇದಾಗೂ ಮೂಡ್ತಾನ. ಮೋದಕ ಡಬ್ಬ್ಯಾಗ ಕಟಗೊಂಡು ನಡಿ."