ಮೂವತ್ತೇಳನೆಯ ಕಾರ್ಡು

ದೀನದಯಾಳನ್‌ರ ಮನೆತನದಲ್ಲಿ ಮಗ್ಗ ಬಿಟ್ಟು ಅಚ್ಚಿನ ಮಸಿಗೆ ಕೈಯಿಟ್ಟವರು ಅವರೊಬ್ಬರೇ. ತಿರುಪ್ಪೂರಿನ ಪ್ರೆಸ್ಸುಗಳಲ್ಲಿ ಮೂವತ್ತೈದು ವರ್ಷ ಮೆಷಿನ್ ಓಡಿಸಿದರು. ಬನಿಯನ್ ಪೆಟ್ಟಿಗೆ, ಬಟ್ಟೆಗೆ ತೂಗುಹಾಕುವ ಚೀಟಿ, ಮದುವೆ ಪತ್ರಿಕೆ, ಎಲ್ಲವನ್ನೂ ಅಚ್ಚು ಹಾಕಿದರು, ಯಾವುದನ್ನೂ ನೆನಪಿಟ್ಟುಕೊಳ್ಳಲಿಲ್ಲ. ಒಂದರ ಹೊರತು.

ಮಗಳು ಅಭಿನಯಾ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಿಠಾಯಿ ಕಂಪನಿ ಪೊಟ್ಟಣದೊಳಗೆ ಇಡಲು ಐವತ್ತು ಕಾಡುಪ್ರಾಣಿಗಳ ಕಾರ್ಡು ಮಾಡಿಸಿತ್ತು. ಮೂವತ್ತೇಳನೆಯದು ವರೈಯಾಡು, ಬೆಟ್ಟದ ಕಾಡುಮೇಕೆ. ಅದರ ಕೆಳಗೆ ‘ಕರಡಿ’ ಎಂದು ಬಿದ್ದುಬಿಟ್ಟಿತು. ಒಂದು ಪೆಟ್ಟಿಗೆಯಷ್ಟು ಆಗಲೇ ಅಂಗಡಿ ಸೇರಿತ್ತು. ಉಳಿದದ್ದನ್ನೆಲ್ಲ ಸುಟ್ಟುಹಾಕು ಎಂದರು ಪ್ರೆಸ್ಸಿನ ಯಜಮಾನರು. ದೀನದಯಾಳನ್ ಹಿತ್ತಿಲಲ್ಲಿ ನಿಂತು ಸುಟ್ಟರು. ಕತ್ತರಿಸದೆ ಉಳಿದಿದ್ದ ಒಂದು ಹಾಳೆಯಿಂದ ಮಾತ್ರ ಒಂದು ಕಾರ್ಡನ್ನು ಕತ್ತರಿಯಲ್ಲಿ ಬಿಡಿಸಿ ಮಗಳಿಗೆ ತಂದುಕೊಟ್ಟರು. ಕೊಂಬಿನ ಕರಡಿ ನೋಡಿ ಅವಳು ಹೊಟ್ಟೆ ಹಿಡಿದು ನಕ್ಕಳು.

ಹೋದ ವರ್ಷ ಕೊಯಮತ್ತೂರಿನ ಪ್ರಭಾಕರನ್ ಆ ಪ್ರೆಸ್ಸಿನಲ್ಲಿ ದುಡಿದವರನ್ನು ಹುಡುಕಿಕೊಂಡು ಬಂದ. ಪಂಪ್‌ಸೆಟ್ ಅಂಗಡಿಯವನು, ಇವರಂತೆ ಮನೆಮಾತು ಕನ್ನಡವೇ. ಹಳೆಯ ಕಾರ್ಡು ಕೂಡಿಡುವ ಹುಚ್ಚು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ್ದ ಆ ಕರಡಿಯನ್ನು ತೋರಿಸಿದ.

“ಉಲಗದಲ್ಲೇ ನಾಲ್ಕು ಇದೆ ಅಣ್ಣಾ, ಯಾವ ದೇಶಕ್ಕೆ ಹೋದರೂ ಅಷ್ಟೇ. ಒಂದು ನನ್ನದು.”

“ಇದ ಅಚ್ಚಾಕಿದ್ದು ನಾನು ತಂಬಿ. ಕೊಡು, ಒಂದು ಸಲ ಮುಟ್ಟಿ ನೋಡ್ತೀನಿ.”

“ಅಯ್ಯೋ, ತೆಗೆದರೆ ಮದಿಪ್ಪೇ ಹೋಯಿತು, ಕಾಸಿಗೂ ಬೆಲೆ ಇರಲ್ಲ!”

ತಾವೇ ಅಚ್ಚು ಹಾಕಿದ್ದನ್ನು ಮುಟ್ಟುವ ಹಕ್ಕು ತಮಗಿಲ್ಲ! ದೀನದಯಾಳನ್‌ಗೆ ಮೈ ಉರಿಯಿತು. ಮೆಟ್ಟುಪಾಳ್ಯಂನಲ್ಲಿ ಸಂಸಾರ ಮಾಡುತ್ತಿದ್ದ ಅಭಿನಯಾಳಿಗೆ ಫೋನ್ ಮಾಡಿದರು. ಅವಳು ಹಳೆಯ ಪುಸ್ತಕವೊಂದರಿಂದ ಕಾರ್ಡು ಹುಡುಕಿ ತೆಗೆದಳು. “ಜೋಪಾನ ಅಪ್ಪಾ, ಅದು ನಂದು,” ಎಂದೇ ಕೊಟ್ಟಳು.

ಕೊಯಮತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ಸಂಗ್ರಹಕಾರರ ಪ್ರದರ್ಶನವಿತ್ತು; ಕಾರ್ಡನ್ನು ಅಲ್ಲಿಗೆ ಒಯ್ದರು. ಅಲ್ಲಿ ಕಾರ್ಡಿನ ಅಸಲಿತನ ನೋಡಿ ಸರ್ಟಿಫಿಕೇಟ್ ಕೊಡುವ ರಾಜೇಂದ್ರನ್ ಭೂತಗನ್ನಡಿ ಹಿಡಿದು ಅಂಚನ್ನೆಲ್ಲ ನೋಡಿದರು.

“ಕತ್ತರಿಯಲ್ಲಿ ಬಿಡಿಸಿದ್ದು. ಪೊಟ್ಟಣದಲ್ಲಿ ಬಂದದ್ದಲ್ಲ. ಒಪ್ಪೋಕಾಗಲ್ಲ.”

“ಬಿಡಿಸಿದ್ದು ನಾನೇ, ಸಾರ್. ಅಚ್ಚು ನಂದು, ಮಸಿ ನಾನೇ ಕಲೆಸಿದ್ದು.”

“ಅದಕ್ಕೆ ಕಾಗದ ಇದೆಯಾ?”

ಯಜಮಾನರು ತೀರಿಹೋಗಿ ಹನ್ನೆರಡು ವರ್ಷ. ಪ್ರೆಸ್ಸಿದ್ದ ಜಾಗದಲ್ಲಿ ಈಗ ಹೊಲಿಗೆ ಘಟಕ. ಕಾಗದ ಎಲ್ಲಿಂದ ತರುವುದು? ದೀನದಯಾಳನ್ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ರಾಜೇಂದ್ರನ್ ಮುಂದಿನವರನ್ನು ಕರೆದರು.

ಆಗ ಅಲ್ಲೇ ಇದ್ದ ಪ್ರಭಾಕರನ್ ದೀನದಯಾಳನ್‌ರನ್ನು ಬದಿಗೆ ಕರೆದು ಟೈಪು ಮಾಡಿಸಿದ ಹಾಳೆಯೊಂದನ್ನೂ ಪೆನ್ನನ್ನೂ ಚಾಚಿದ. “ಮಿಕ್ಕಿದ್ದೆಲ್ಲ ಸುಟ್ಟೆ, ಒಂದೂ ಉಳೀಲಿಲ್ಲ ಅಂತ ಇದರ ಕೆಳಗೆ ಒಂದು ಕೈಯೆಳುತ್ತು ಹಾಕಿಬಿಡಿ ಅಣ್ಣಾ. ನನ್ನ ಕಾರ್ಡಿಗೆ ಮದಿಪ್ಪು ಏರುತ್ತೆ. ನೀವು ಹೇಳಿದರೆ ಎಲ್ಲಾರೂ ನಂಬ್ತಾರೆ.”

“ಈಗ ತಾನೆ ಯಾರೂ ನಂಬಲಿಲ್ಲವಲ್ಲ?”

“ಅದು ಬೇರೆ ಅಣ್ಣಾ.”

“ಏನು ಬೇರೆ? ಸುಟ್ಟೆ ಅಂದರೆ ನಿಜ, ಇಟ್ಟುಕೊಂಡೆ ಅಂದರೆ ಸುಳ್ಳಾ?” ಸುತ್ತಲಿನವರು ತಿರುಗಿ ನೋಡುವಷ್ಟು ದನಿ ಏರಿತು. ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿ ಹೊರಗೆ ಬಂದರು. ಪ್ರಭಾಕರನ್ ಆಮೇಲೆ ಫೋನ್ ಎತ್ತಲಿಲ್ಲ.

ಮರುದಿನವೇ ಮೆಟ್ಟುಪಾಳ್ಯಂಗೆ ಹೋಗಿ ಕಾರ್ಡನ್ನು ಮಗಳ ಕೈಗಿತ್ತರು.

“ಏನು ಹೇಳಿದರು ಅಪ್ಪಾ?”

“ಡೂಪ್ಲಿಕೇಟಂತೆ.”

“ಹೋಗಲಿ ಬಿಡಪ್ಪಾ. ನನಗೆ ಗೊತ್ತಿಲ್ಲವಾ?”

ಅವಳು ಕೊಟ್ಟ ಕಾಫಿ ಕುಡಿದರು. ಆದರೂ ಬಸ್ಸಿನಲ್ಲಿ ತಿರುಪ್ಪೂರಿನವರೆಗೂ, ಪಕ್ಕದಲ್ಲಿ ಕೂತ ಅಪರಿಚಿತನಿಗೆ, ಮೇಕೆಯ ಕೊಂಬಿಗೆ ಕಂದು ಬಣ್ಣ ಎಷ್ಟು, ಕಪ್ಪು ಎಷ್ಟು ಬೆರೆಸಿದ್ದೆ ಎಂದು ವಿವರಿಸುತ್ತಲೇ ಇದ್ದರು.