ಬಟನ್‌ಗೊಂದು ಹಾದಿ

ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಟ್ಟ ಉದಾಹರಣೆ ಟೇಲರ್ ದಾದೇಸಾಬನ ಚರಿತ್ರೆಯಲ್ಲೇ ಇಲ್ಲ. ನನ್ನ ಮದುವೆಯ ಅಂಗಿಯನ್ನು ಊಟದ ಪಂಕ್ತಿ ಎದ್ದ ಮೇಲೆ ತಂದುಕೊಟ್ಟ ಪುಣ್ಯಾತ್ಮ. ಆದರೂ ಅವನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಬೈಯಲೆಂದು ಅಂಗಡಿಗೆ ಹೋದರೆ, ಹುಣಸೆ ಎಲೆ ಸಂಜೆಗೆ ಯಾಕೆ ಮುಚ್ಚಿಕೊಳ್ಳುತ್ತದೆ ಮಾಸ್ತರ ಎಂದು ಕೇಳಿ ಬಂದ ಕೆಲಸವನ್ನೇ ಮರೆಸಿಬಿಡುತ್ತಾನೆ. ನಮ್ಮ ಪಕ್ಕದ ಮನೆಯೇ ಅವನದು. ಗಂಗಾವತಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ, ಗುಡ್ಡದ ಬುಡದ ಊರು.

ಎರಡು ಸಾವಿರದ ಒಂದರ ಸುಮಾರಿಗೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಬೇಕೆಂದರು ಡಾಕ್ಟರು. ಆದರೆ ಕೆಲಸವಿಲ್ಲದೆ ನಡೆಯುವವನನ್ನು ನಮ್ಮೂರು ಸುಮ್ಮನೆ ಬಿಡುತ್ತದೆಯೇ?

"ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ರಿ."

"ಎಲ್ಲಿಗೂ ಇಲ್ಲಂದ ಮ್ಯಾಲ ಯಾಕ ಹೊಂಟೀರಿ? ಬರ್ರಿ, ಚಾ ಕುಡೀರಿ."

ಹೀಗೆ ನಡೆಯಲು ಹೊರಟು ಚಹಾ ಕುಡಿದು ಬರುತ್ತಿದ್ದ. ಅವನನ್ನು ಈ ಪೀಕಲಾಟದಿಂದ ಪಾರುಮಾಡಿದವಳು ಬಟನ್. ಅಂಗಡಿಯ ಹಲಗೆಯ ಕೆಳಗೆ ಚಿಂದಿ ಬಟ್ಟೆಯ ಮೇಲೆ ಮಲಗುತ್ತಿದ್ದ ಕಂದು ಬಣ್ಣದ ಹೆಣ್ಣು ನಾಯಿ. ಒಂದು ದಿನ ತಾನಾಗಿಯೇ ಅವನ ಹಿಂದೆ ಬಂದಳು. ಅಂದಿನಿಂದ ಅವನಿಗೊಂದು ಉತ್ತರ ಸಿಕ್ಕಿತು: "ನಾಯಿ ಅಡ್ಡಾಡಿಸಾಕ ಹೊಂಟೀನ್ರಿ." ಊರು ತಲೆಯಾಡಿಸಿ ದಾರಿ ಬಿಟ್ಟಿತು.

ಆದರೆ ಮನೆಯಲ್ಲಿ ಅವನ ಹೆಂಡತಿ ತಾಜಬೀ ಇದ್ದಳು. ಅವರಿಬ್ಬರೂ ಮನೆಯೊಳಗೆ ಆಡುವುದು ಉರ್ದು. ನನ್ನನ್ನು ಸಾಕ್ಷಿ ಹಾಕಿಕೊಳ್ಳಬೇಕಾದಾಗ ಮಾತ್ರ ಜಗಳ ಕನ್ನಡಕ್ಕೆ ತಿರುಗುತ್ತದೆ.

"ಮಾಸ್ತರ, ನೀವೂ ಕೇಳ್ರಿ. ನಾಯಿಗೆ ರೊಟ್ಟಿ ಹಾಕಲಿ, ಸಾಕಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾಯಿ ಬಾಯಿ ಹತ್ತಿದ ಬಟ್ಟ್ಯಾಗ ನಮಾಜ್ ಆಗಂಗಿಲ್ಲ. ಮುಟ್ಟಂಗಿಲ್ಲ ಅಂತ ಮಾತು ಕೊಡ್ರಿ ಅನ್ರಿ ಇವರಿಗೆ."

ಅವನು ಮಾತು ಕೊಟ್ಟ, ಉಳಿಸಿಕೊಂಡ ಕೂಡ. ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಕೊರಳಿಗೆ ಹಗ್ಗವಿಲ್ಲ. ಬಟನ್ ಕೂಡ ಕೋಲಿನಷ್ಟು ದೂರದಲ್ಲೇ ನಡೆಯುತ್ತಿದ್ದಳು. ಮೂರು ವರ್ಷ ಹೀಗೇ ನಡೆದರು, ಬೆರಳೂ ತಾಕಿಸದೆ.

ತೊಂದರೆ ಎಂದರೆ ಹಾದಿಯದು. ನಮ್ಮ ಓಣಿ ದಾಟಿದರೆ ಕುಂಬಾರ ಓಣಿಯ ನಾಯಿಗಳ ರಾಜ್ಯ. ಅದರಾಚೆ ಬಸ್‌ಸ್ಟ್ಯಾಂಡಿನ ಗುಂಪು, ಅವು ಇನ್ನೂ ಪುಂಡ ನಾಯಿಗಳು. ಕಾಲುವೆಯ ದಂಡೆಯಲ್ಲಿ ಜಾಲಿಮುಳ್ಳು. ಕುರಿಹಟ್ಟಿಯ ಕಡೆ ಹೋದರೆ ಕುರುಬರ ಕನಕಪ್ಪನ ನಾಯಿಗಳು. ದಾದೇಸಾಬ ಸೋಲುವವನಲ್ಲ. ಮೊದಲು ತಾನೊಬ್ಬನೇ ಹೋಗಿ ಹಾದಿಯನ್ನು ಕಣ್ಣಿಟ್ಟು ನೋಡುತ್ತಿದ್ದ, ಹಾಲಿನವರನ್ನೂ ಕಟ್ಟಿಗೆಯವರನ್ನೂ ಕೇಳುತ್ತಿದ್ದ. ಎಲ್ಲವೂ ಸರಿ ಎನಿಸಿದ ಮೇಲೆಯೇ ಬಟನ್‌ಳನ್ನು ಕರೆದೊಯ್ಯುತ್ತಿದ್ದ.

ಒಂದು ಚಳಿಗಾಲ ನನ್ನ ಕಟ್ಟೆಗೆ ಓಡಿಬಂದ. ಮೊರ್ಯರ ಗುಡ್ಡಕ್ಕೆ ಅಕ್ಕಿ ಗಿರಣಿಯ ಹಿಂದಿನಿಂದ ಒಂದು ಹಾದಿ ಸಿಕ್ಕಿತ್ತು. ಆ ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಪುಟ್ಟ ಮನೆಗಳಿವೆ. ಒಂದೊಂದಕ್ಕೂ ಒಂದು ದುಂಡನೆಯ ಕಿಂಡಿ. ಮೊರ್ಯರೆಂಬ ಗಿಡ್ಡ ಜನ ಅಲ್ಲಿದ್ದರೆನ್ನುತ್ತಾರೆ ನಮ್ಮ ಕಡೆ.

"ನಾಯಿಲ್ಲ, ಮುಳ್ಳಿಲ್ಲ, ಮಾಸ್ತರ. ಬರೇ ಹಾಸುಬಂಡಿ, ನುಣ್ಣಗ. ಮ್ಯಾಲ ಕಲ್ಲದೊಣ್ಯಾಗ ನೀರೂ ಐತಿ. ಆಕಿ ಸಲುವಾಗಿನ ಮಾಡಿಟ್ಟಂಗೈತಿ!"

ಆದರೆ ಲಗ್ನದ ಹೊಲಿಗೆ ಮುಗಿದು ಅವನಿಗೆ ಪುರುಸೊತ್ತಾಗುವಷ್ಟರಲ್ಲಿ ಯುಗಾದಿ ದಾಟಿತ್ತು. ಒಂದು ದಿನ ಬೆಳಗಿನ ನಮಾಜು ಮುಗಿಸಿ ಬಟನ್‌ಳೊಡನೆ ಹೊರಟ. ಮುಂದಿನದನ್ನು ಅವನೇ ನನಗೆ ಹೇಳಿದ್ದು.

ಮೇಲೆ ಹೋದವನು ಒಂದೊಂದೇ ಕಲ್ಲುಮನೆಗೆ ಇಣುಕಿದ. ಇಷ್ಟು ಸಣ್ಣ ಕಿಂಡಿಯಲ್ಲಿ ಹೇಗೆ ಹೋಗಿಬರುತ್ತಿದ್ದರು? ಒಲೆ ಎಲ್ಲಿಡುತ್ತಿದ್ದರು? ನೋಡುತ್ತ ನೋಡುತ್ತ ಹೊತ್ತು ಏರಿದ್ದು ತಿಳಿಯಲಿಲ್ಲ. ಇಳಿಯೋಣವೆಂದು ತಿರುಗಿದರೆ ಬಟನ್ ಒಂದೊಂದೇ ಕಾಲೆತ್ತಿ ಕುಣಿದಳು, ಕುಂಯ್ಗುಟ್ಟಿದಳು, ಓಡಿಹೋಗಿ ಒಂದು ಕಿಂಡಿಯೊಳಗೆ ನುಗ್ಗಿ ಕುಳಿತುಬಿಟ್ಟಳು. ಕರೆದರೂ ಬರಲಿಲ್ಲ. ರೊಟ್ಟಿ ತೋರಿಸಿದರೂ ಬರಲಿಲ್ಲ. ಹಾವು ಕಂಡಿತೇ? ಮೊರ್ಯರ ಗಾಳಿ ಸೋಕಿತೇ? ಇವನ ಕೂಗು ಕೇಳಿ, ಬಂಡೆಯ ನೆರಳಲ್ಲಿ ಆಡು ನಿಲ್ಲಿಸಿಕೊಂಡಿದ್ದ ಕನಕಪ್ಪ ಬಂದ.

"ದಾದೇಸಾಬರ, ಚಪ್ಪಲಿ ಬಿಡ್ರಿ."

"ಯಾಕೋ?"

"ಮೊದಲ ಬಿಡ್ರಿ ಅಂತೀನಿ."

ಬರಿಗಾಲು ಊರಿದ್ದೇ ತಡ, ಹಂಚಿನ ಮೇಲಿನ ಜೋಳದಂತೆ ಸಿಡಿದ. ಅವನದು ಟಾಯರಿನ ಚಪ್ಪಲಿ. ಹಾದಿಯನ್ನೆಲ್ಲ ಕಣ್ಣಿನಿಂದ ನೋಡಿದ್ದ, ಅಂಗಾಲಿನಿಂದ ನೋಡಿರಲಿಲ್ಲ. ಅದೂ ನೋಡಿದ್ದು ಚಳಿಗಾಲದಲ್ಲಿ. ಕಿಂಡಿಗೆ ಬಗ್ಗಿದರೆ ಆಕೆಯ ಪಾದದ ಚರ್ಮ ಸುಲಿದು ಕೆಂಪಗಾಗಿತ್ತು. ನಾಲಿಗೆ ಜೋತುಬಿದ್ದಿತ್ತು. ಬಂಡೆಯ ದೊಣೆಯಲ್ಲಿ ನಿಂತಿದ್ದ ಮಳೆನೀರು ಎಂದೋ ಆರಿತ್ತು. ಅವನಿಗೆ ಅಳು ಬಂತು. ಅತ್ತುಬಿಟ್ಟ.

"ಸಂಜಿತನ ಕುಂತ್ರ ಆಕಿ ನೀರಿಲ್ದ ಸಾಯ್ತಾಳ. ಸಂಜಿ ಆತಂದ್ರ ಕರಡಿ ಹೊರಗ ಬೀಳ್ತಾವು. ಹೊತ್ಕೊಂಡ ಇಳೀಬೇಕು," ಎಂದು ಕನಕಪ್ಪ ಕೈ ಹಾಕಿದ. ಬಟನ್ ಹಲ್ಲು ತೋರಿಸಿ ಗುರುಗುಟ್ಟಿದಳು. ಕನಕಪ್ಪ ಕೈ ಹಿಂದೆಗೆದುಕೊಂಡ. "ನನ್ನ ಕಡೆ ಬರಂಗಿಲ್ಲ. ನೀವಽ ಎತ್ರಿ."

ದಾದೇಸಾಬ ಒಂದು ಗಳಿಗೆ ತನ್ನ ಬಿಳಿ ಪೈಜಾಮ ನೋಡಿಕೊಂಡ. ಆಮೇಲೆ ಎರಡೂ ತೋಳುಗಳನ್ನು ಕಿಂಡಿಯೊಳಗೆ ಚಾಚಿದ.

"ಮಾಸ್ತರ, ಊರ ಮಂದಿದೆಲ್ಲ ಎದಿ ಅಳತಿ ತಗೊಂಡೀನಿ. ಒಂದು ಎದಿ ಇಷ್ಟು ಜೋರ ಬಡಕೋತೈತಿ ಅಂತ ಗೊತ್ತಽ ಇರಲಿಲ್ಲ," ಎಂದ ನನ್ನೆದುರು. ಆಕೆ ಮೊದಲು ನಡುಗಿದಳಂತೆ, ಆಮೇಲೆ ಗದ್ದವನ್ನು ಅವನ ಹೆಗಲ ಮೇಲಿಟ್ಟು ಸುಮ್ಮನಾದಳಂತೆ.

ಗಿರಣಿಯ ಹಿಂದಿನ ಸುತ್ತುಹಾದಿ ಹಿಡಿಯಲು ಅವನಿಗೆ ತ್ರಾಣವಿರಲಿಲ್ಲ. ಬಸ್‌ಸ್ಟ್ಯಾಂಡು, ಕುಂಬಾರ ಓಣಿ ಹಾದು ನೆಟ್ಟಗೆ ಬಂದ. ಹಿಂದೆ ಊರ ನಾಯಿಗಳೆಲ್ಲ ಬೊಗಳುತ್ತ ಬಂದವು. ನಾನು ಕಟ್ಟೆಯಿಂದ ಎದ್ದು ನಿಂತೆ. ತಾಜಬೀ ಬಾಗಿಲಿಗೆ ಬಂದಳು. ಅವನು ಅಂಗಳದಲ್ಲೇ ನಿಂತ, ಹೊಸ್ತಿಲ ಹತ್ತಿರ ಹೋಗಲಿಲ್ಲ.

"ಮುಟ್ಟೀನಿ," ಅಂದ, ಕನ್ನಡದಲ್ಲೇ. "ಮಾತು ತಪ್ಪೀನಿ."

ತಾಜಬೀ ನಾಯಿಯ ಪಾದಗಳನ್ನು ನೋಡಿದಳು. ತಿರುಗಿ ಒಳಗೆ ಹೋದಳು. ಇನ್ನು ಇವತ್ತು ಇವನು ನಮ್ಮ ಮನೆಯಲ್ಲೇ ಮಲಗಬೇಕಾದೀತು ಅಂದುಕೊಂಡೆ. ಅಷ್ಟರಲ್ಲಿ ಆಕೆ ಕೊಡ ಹೊತ್ತು ಹೊರಬಂದಳು. ಅವನು ತಪ್ಪು ಮಾಡಿದ ಹುಡುಗನ ಹಾಗೆ ತೊಳೆದುಕೊಳ್ಳಲು ಒಂದು ಕೈ ಮುಂದೆ ಚಾಚಿದ.

"ನಿಮ್ಮ ಕೈಗೇನಾಗೈತಿ? ಆಮ್ಯಾಲ ತೊಳಕೊಳ್ರಿ," ಎಂದು ಗದರಿದಳು. "ಆಕಿನ್ನ ಗಟ್ಟಿ ಹಿಡೀರಿ, ಉರಿತೈತಿ."

ಅವನನ್ನು ಕೂರಿಸಿ ತಾನೂ ನೆಲಕ್ಕೆ ಕುಳಿತು, ಬಟನ್‌ಳ ಮುಂಗಾಲನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ನೀರು ಹನಿಸತೊಡಗಿದಳು.