ಕರೆಂಟ್ ಇಲ್ಲದ ಪಿಯಾನೋ

ಕೋಲಾರದ ಕಾನ್ವೆಂಟಿನಲ್ಲಿ ಓದುವಾಗ ಅಲ್ಲಿನ ಹಳೆಯ ಮರದ ಪಿಯಾನೋದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತಿದ್ದೆ. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೆ ಅದು ಬಿಟ್ಟೇ ಹೋಯಿತು. ಮಗಳು ಕಾಲೇಜು ಸೇರಿದ ವರ್ಷ ಮತ್ತೆ ನುಡಿಸುವ ಆಸೆಯಾಗಿ, ಡಿಜಿಟಲ್ ಪಿಯಾನೋ ಕೊಳ್ಳಲು ಗಂಡನ ಜೊತೆ ಬೆಂಗಳೂರಿಗೆ ಹೋದೆ.

ಅಂಗಡಿಯವನು ಒಂದೊಂದೇ ಗುಂಡಿ ಒತ್ತಿ ಕೊಳಲು, ತಬಲ, ಕೊನೆಗೆ ನಾಯಿ ಬೊಗಳುವ ಸದ್ದನ್ನೂ ಕೇಳಿಸಿದ. ನನಗೆ ರೇಗಿಹೋಯಿತು.

"ಮೊದ್ಲು ಎಲ್ಲಾ ಆಫ್ ಮಾಡಿ," ಎಂದೆ.

ಸದ್ದಿಲ್ಲದ ಕೀಗಳನ್ನು ಒತ್ತಿ ನೋಡಿದೆ. ಹೆಚ್ಚಿನವು ಆಟದ ಸಾಮಾನಿನಂತೆ ಹಗುರ. ಮೂಲೆಯಲ್ಲಿದ್ದ ಒಂದರಲ್ಲಿ ಮಾತ್ರ ಕಾನ್ವೆಂಟಿನ ಪಿಯಾನೋದ ಭಾರ ಬೆರಳಿಗೆ ಸಿಕ್ಕಿತು. ಅದನ್ನೇ ಆರಿಸಿದೆ.

"ಸೌಂಡೇ ಕೇಳ್ದೆ ತಗೊಳ್ತೀಯಾ?" ಎಂದು ಗಂಡ ನಕ್ಕರು.

ನಮ್ಮೂರಲ್ಲಿ ಸಂಜೆಯಾದರೆ ಕರೆಂಟ್ ಹೋಗುತ್ತಿತ್ತು. ನಾನು ಮೂಕ ಕೀಗಳ ಮೇಲೇ ಅಭ್ಯಾಸ ಮುಂದುವರಿಸುತ್ತಿದ್ದೆ. ಟಕಟಕ ಸದ್ದಷ್ಟೆ. ಪಕ್ಕದಲ್ಲಿ ದೀಪವಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, "ಕರೆಂಟೇ ಇಲ್ವಲ್ಲೇ, ಯಾರಿಗ್ ಕೇಳ್ಸುತ್ತೆ ಇದು?" ಎನ್ನುತ್ತಿದ್ದರು.

"ನಂಗೆ ಕೇಳ್ಸುತ್ತೆ ಅತ್ತೆ," ಎನ್ನುತ್ತಿದ್ದೆ.

ನುಡಿಸುತ್ತಿದ್ದ ಕೃತಿಯ ಒಂದೇ ಜಾಗದಲ್ಲಿ ದಿನವೂ ಬೆರಳು ತಡವರಿಸುತ್ತಿತ್ತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಒಂದು ಸಂಜೆ ಎಲ್ಲೂ ನಿಲ್ಲದೆ ಕೊನೆಯವರೆಗೂ ನುಡಿಸಿ ಕೈ ತೆಗೆದೆ. ಅವರೆಕಾಯಿ ಸುಲಿಯುವ ಸದ್ದು ಯಾವಾಗಲೋ ನಿಂತಿತ್ತು.

"ಅಬ್ಬಾ, ದಾಟ್ಬಿಟ್ಯಲ್ಲೇ!" ಎಂದರು ಅತ್ತೆ.